ಎಡ ಸೊಂಟದ ಬುಟ್ಟಿ

ಬೆಟ್ಟದ ನೆತ್ತಿಯ ಮೇಲೆ ಒಂದು ಊರು. ಅಲ್ಲಿ ಬಿಸಿಲು ಬೇಕಾದಷ್ಟಿತ್ತು, ಉಪ್ಪು ಇರಲಿಲ್ಲ. ಬೆಟ್ಟದ ಬುಡದಲ್ಲಿ ಇನ್ನೊಂದು ಊರು. ಅಲ್ಲಿ ಉಪ್ಪು ಬೇಕಾದಷ್ಟಿತ್ತು, ಬಿಸಿಲು ಇರಲಿಲ್ಲ. ಹುಟ್ಟಿದಾಗಿನಿಂದ ಸಾಯುವವರೆಗೂ ಮಂಜು. ಚಾಚಿದ ಕೈಯ ಬೆರಳು ತನಗೇ ಕಾಣದಂಥ ಮಂಜು. ಹಾಗಾಗಿ ಮೇಲಿನವರು ಕೆಳಗಿನವರಿಗೆ ನೋಟ ಕಳಿಸುತ್ತಿದ್ದರು, ಕೆಳಗಿನವರು ಮೇಲಿನವರಿಗೆ ಉಪ್ಪು ಕಳಿಸುತ್ತಿದ್ದರು. ಉಪ್ಪಿಲ್ಲದ ಊಟವೂ ನೋಟವಿಲ್ಲದ ಗೋಡೆಯೂ ಒಂದೇ ಎಂದು ಎರಡೂ ಊರಿನವರು ಒಪ್ಪಿಕೊಂಡು ಎಷ್ಟೋ ಕಾಲವಾಗಿತ್ತು.

ನೋಟ ಹಿಡಿಯುವ ಕ್ರಮ ಹೀಗೆ. ಮೇಲಿನೂರಿನ ಬಾವಿಯ ನೀರಿಗೆ ಒಂದು ಗುಣವಿತ್ತು. ಅದನ್ನು ನಸುಕಿನಲ್ಲಿ ಸೇದಿ, ಕಂಚಿನ ಹರಿವಾಣದಲ್ಲಿ ತೆಳ್ಳಗೆ ಹರಡಿ, ಬೇಕಾದ ನೋಟದ ಮುಂದೆ ಇಟ್ಟು, ಉಸಿರು ಬಿಗಿಹಿಡಿದು ಕೂರಬೇಕು. ಕಾಯಿಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಆ ನೀರಿನ ಮೇಲೆ ನೋಟ ಕೆನೆ ಕಟ್ಟುತ್ತಿತ್ತು. ಆ ಕೆನೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಬಾಳೆಎಲೆಯ ನಡುವೆ ಇಟ್ಟು ಬುಟ್ಟಿಗೆ ಸೇರಿಸುವುದು. ಕೆನೆಗೆ ತನ್ನದೇ ಬೆಳಕಿತ್ತು, ಎಂಥ ಮಂಜಿನಲ್ಲಿ ತೂಗುಹಾಕಿದರೂ ಕಾಣುತ್ತಿತ್ತು.

ಹರಿವಾಣಕ್ಕೂ ಕಟ್ಟಳೆಗಳಿದ್ದವು. ಅದರಲ್ಲಿ ಉಣ್ಣಬಾರದು. ಬೂದಿ, ನಾರು ಹಾಕಿ ತಿಕ್ಕಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಬರಿದಾದ ಹರಿವಾಣದ ಮುಖ ನೋಡಬಾರದು. ನೋಡಿದವರ ಕಣ್ಣಿಗೆ ಆಮೇಲೆ ಲೋಕವೆಲ್ಲ ಬರಿದಾಗಿಯೇ ಕಾಣುತ್ತದೆ ಅಂತ ಹಿರಿಯರು ಹೇಳಿದ್ದರು. ಹಾಗಾಗಿ ಅದನ್ನು ಬೆನ್ನ ಹಿಂದೆ ಹಿಡಿದು ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೋರಲು ಹಾಕಿಡುತ್ತಿದ್ದರು. ಲೋಕವನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುವ ಜನ ತಮ್ಮ ಹರಿವಾಣವನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ನಗಬೇಡಿ, ನಮ್ಮ ಬೆನ್ನನ್ನು ನಾವು ನೋಡಿದ್ದೇವೆಯೇ?

ಬುಟ್ಟಿ ತುಂಬಿದ ಮೇಲೆ ಅದು ಸೋಸುಮನೆಗೆ ಹೋಗಬೇಕು. ಊರ ಬಾಗಿಲ ಪಕ್ಕದ ಆ ಮನೆಯ ಕಿಟಕಿಯ ಹತ್ತಿರ ಸೋಸುಗಾರ ಕೂತಿರುತ್ತಿದ್ದ. ಕಣ್ಣು ಮುಚ್ಚಿ ಬುಟ್ಟಿಯೊಳಗೆ ಕೈ ಹಾಕುತ್ತಿದ್ದ. ಒಂದೇ ಒಂದು ಕೆನೆ ತೆಗೆಯುತ್ತಿದ್ದ. ಬೆಳಕಿಗೆ ಹಿಡಿಯುತ್ತಿದ್ದ. ಅದು ನೆಟ್ಟಗಿದ್ದರೆ ಇಡೀ ಬುಟ್ಟಿ ಒಳಗೆ. ಅದರಲ್ಲಿ ಮಸುಕು, ಕಲೆ, ಕೈನಡುಕ, ಯಾರದಾದರೂ ಮುಖ, ಇಂಥವರ ಮನೆಯದೆಂದು ಹೇಳುವ ಗುರುತು, ಏನಿದ್ದರೂ ಇಡೀ ಬುಟ್ಟಿ ಹೊರಗೆ. ಯಾರದೂ ಅಲ್ಲದ ನೋಟವೇ ಎಲ್ಲರದೂ ಆಗುವುದು ಎಂಬುದು ಸೋಸುಮನೆಯ ಮಾತು. ಏನು ತಪ್ಪಾಗಿದೆ ಎಂದು ಹೇಳುವ ಪದ್ಧತಿ ಇರಲಿಲ್ಲ. ಹೆಂಗಸರಿಗೆ "ಮತ್ತೆ ಬಾ ತಾಯಿ" ಅನ್ನುತ್ತಿದ್ದ, ಗಂಡಸರಿಗೆ "ಮತ್ತೆ ಬಾರಪ್ಪ" ಅನ್ನುತ್ತಿದ್ದ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ.

ಹೋಗುವಾಗ ಬುಟ್ಟಿ ಬಲ ಸೊಂಟದ ಮೇಲೆ. ತಿರುಗಿ ಬಂದರೆ ಎಡ ಸೊಂಟದ ಮೇಲೆ. ಎಡ ಸೊಂಟದ ಬುಟ್ಟಿ ಕಂಡವರು ಏನಾಯಿತೆಂದು ಕೇಳಬಾರದು, "ಊಟ ಆಯ್ತಾ" ಅನ್ನಬೇಕು. ಬುಟ್ಟಿ ಹೊತ್ತವರು ಆಗದಿದ್ದರೂ "ಆಯ್ತು" ಅನ್ನಬೇಕು. ಆಮೇಲೆ ನೇರ ಹೊಳೆಗೆ. ಹೊಳೆಯ ದಂಡೆಯಲ್ಲಿ ಬಿಡುಗಲ್ಲು ಎಂಬ ಚಪ್ಪಟೆ ಬಂಡೆ ಇತ್ತು. ಅದರ ಮೇಲೆ ಕೆನೆಗಳನ್ನು ಒಂದೊಂದಾಗಿ ಹಾಸಿ, ನೀರು ಚಿಮುಕಿಸಿ, "ನೋಟವೇ, ಬಂದಲ್ಲಿಗೆ ಹೋಗು" ಎಂದು ಹೊಳೆಗೆ ಜಾರಿಸಬೇಕು. ನೀರಿನಿಂದ ಬಂದದ್ದು ನೀರೇ ಆಗುತ್ತದೆ ಎಂದು ಊರು ನಂಬಿತ್ತು. ಆ ದಿನ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆರೆಯವರು ಒಂದು ಚೊಂಬು ಮಜ್ಜಿಗೆ ತಂದುಕೊಡುತ್ತಾರೆ. ಹೊಟ್ಟೆಯುರಿಗೆ ಮಜ್ಜಿಗೆಗಿಂತ ಒಳ್ಳೆಯ ಮದ್ದಿಲ್ಲ ಎಂದು ತಿಳಿದ ಜನ ಅವರು.

ಆ ಊರಿನಲ್ಲಿ ಒಬ್ಬ ನೋಟಗಾರ್ತಿ ಇದ್ದಳು. ಅವಳಿಗೆ ಒಬ್ಬಳೇ ತಂಗಿ. ತಂಗಿಯನ್ನು ಕೆಳಗಿನ ಮಂಜಿನೂರಿಗೆ ಕೊಟ್ಟಿತ್ತು. ಮಂಜಿಗೆ ಮದುವೆಯಾಗಿ ಹೋದವರು ತಿರುಗಿ ಮೇಲೆ ಬರುವಂತಿರಲಿಲ್ಲ, ಮಂಜಿಗೆ ಹೊಂದಿಕೊಂಡ ಕಣ್ಣು ಮತ್ತೆ ಬಿಸಿಲನ್ನು ತಾಳುವುದಿಲ್ಲ. ಹೊರಡುವ ಬೆಳಿಗ್ಗೆ ಅಕ್ಕ ತಂಗಿಯನ್ನು ಹಿತ್ತಲ ಒರಳುಕಲ್ಲಿನ ಪಕ್ಕ ಕೂರಿಸಿಕೊಂಡು ಮೊಸರನ್ನ ಕಲಸಿ ತುತ್ತು ಕೊಟ್ಟಳು. ಕಲಸಿದ್ದು ಹರಿವಾಣದಲ್ಲಿ. ಕಟ್ಟಳೆ ಮುರಿದಳು, ನಿಜ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಪಾತ್ರೆ ಇರಲಿಲ್ಲ, ಅದಕ್ಕಿಂತ ದೊಡ್ಡ ಊಟವೂ ಮತ್ತೆ ಇರಲಿಲ್ಲ. ಆದರೂ ಹೆದರಿಕೆ ಬಿಡಬೇಕಲ್ಲ. ಬರಿದಾಗುತ್ತಿದ್ದ ಹರಿವಾಣದ ಕಡೆ ಕಣ್ಣು ಹಾಯಿಸದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಊಟ ಮುಗಿಸಿದರು. ಒರಳಿನ ಗುಳಿಯಲ್ಲಿ ನಿಂತ ನೀರಿನ ಮೇಲೆ ಆಗ ಬೆಳಗಿನ ಬಿಸಿಲು ಬಂದು ಕೂತಿತ್ತು. ತಂಗಿ ಅದನ್ನು ಒಮ್ಮೆ ನೋಡಿ, ಅಕ್ಕನ ಕೈ ಒಮ್ಮೆ ಹಿಡಿದು, ಉಪ್ಪಿನ ಹಮಾಲರ ಹಿಂದೆ ಇಳಿದು ಹೋದಳು.

ಕಾಲ ಸರಿಯಿತು. ತಂಗಿ ಹೋದ ಮೇಲೆ ನೋಟ ಹಿಡಿಯಲು ಮನಸ್ಸಾಗದೆ ಅವಳು ಹರಿವಾಣವನ್ನು ಗೂಡಿನಲ್ಲಿ ಬೋರಲು ಹಾಕಿಟ್ಟಿದ್ದಳು. ಒಂದು ದಿನ ಉಪ್ಪು ತಂದ ಹಮಾಲ ಮೂಟೆ ಇಳಿಸಿ, ನೋಟಗಾರ್ತಿಯ ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡ. ಅವನು ಎರಡೂ ಊರಿನ ನಡುವೆ ಓಡಾಡಿ ಮಂಜಿಗೂ ಬಿಸಿಲಿಗೂ ಕಣ್ಣು ಕಿರಿದು ಮಾಡಿಕೊಂಡವನು.

"ಅಕ್ಕಾ, ನಿನ್ ತಂಗಿ ತುಂಬಿದ ಬಸ್ರಿ. ಕೂಸನ್ನ ತೊಟ್ಲಿಗೆ ಹಾಕೋ ದಿನ ತೋರ್ಸಾಕೆ ಹಿತ್ಲ ಒರಳಿನ ಮ್ಯಾಲಿನ ಬಿಸ್ಲು ಬೇಕಂತೆ. ಬ್ಯಾರೆ ಏನೂ ಬ್ಯಾಡಂತೆ."

ಮಂಜಿನೂರಿನ ಪದ್ಧತಿ ಅದು. ಅಲ್ಲಿ ಹುಟ್ಟಿದ ಕೂಸಿಗೆ ತೊಟ್ಟಿಲ ದಿನ ಒಂದು ನೋಟ ತೋರಿಸುತ್ತಾರೆ. ಆ ಮೊದಲ ನೋಟ ಕಣ್ಣಿನ ತಳದಲ್ಲಿ ಕೂತುಬಿಡುತ್ತದೆ. ಮುಂದೆ ಮಂಜಿನಲ್ಲಿ ದಾರಿ ತಪ್ಪಿದಾಗಲೆಲ್ಲ ಅದೇ ಒಳಗಿಂದ ಬೆಳಕು ಕೊಡುತ್ತದೆ ಅನ್ನುತ್ತಾರೆ. ಕೈಗೆ ಸಿಕ್ಕ ಯಾವುದೋ ನೋಟ ತೋರಿಸಿದರೆ ಕೂಸಿನ ಬದುಕಿಗೆ ಅದೇ ಗತಿ.

ನೋಟಗಾರ್ತಿ ಒಂದು ಕೆನೆಯನ್ನು ಹಮಾಲನ ಕೈಯಲ್ಲೇ ಕೊಟ್ಟು ಕಳಿಸಬಹುದಿತ್ತಲ್ಲ ಅನ್ನಬಹುದು. ಆಗುವುದಿಲ್ಲ. ಸೋಸುಮನೆ ಒಪ್ಪಿ ಕಟ್ಟಿಕೊಡದ ಕೆನೆಯನ್ನು ಹಮಾಲರು ಮುಟ್ಟುವಂತಿರಲಿಲ್ಲ. ತಂಗಿಯ ಕೂಸಿಗೆ ಒರಳಿನ ಬಿಸಿಲು ತಲುಪಬೇಕಾದರೆ ಅದು ಸೋಸುಗಾರನ ಕಿಟಕಿಯನ್ನು ದಾಟಿಯೇ ಹೋಗಬೇಕಿತ್ತು.

ಮಾರನೆಯ ಬೆಳಿಗ್ಗೆಯೇ ಅವಳು ಒರಳಿನ ಮುಂದೆ ಹರಿವಾಣ ಇಟ್ಟಳು. ಬಿಸಿಲು ಬಂತು, ಗುಳಿಯ ನೀರಿನ ಮೇಲೆ ಕೂತಿತು. ಕೆನೆ ಕಟ್ಟಿತು. ಬಾವಿಯ ರಾಟೆ, ಒಣಹಾಕಿದ ಮೆಣಸಿನಕಾಯಿ, ಮೋಡವಿಲ್ಲದ ಆಕಾಶ, ಇನ್ನೂ ಏನೇನೋ ಸೇರಿಸಿ ಬುಟ್ಟಿ ತುಂಬಿಸಿ, ಬಲ ಸೊಂಟದ ಮೇಲೆ ಹೊತ್ತು ಸೋಸುಮನೆಗೆ ಹೋದಳು. ಸೋಸುಗಾರ ಒಂದು ಕೆನೆ ತೆಗೆದ. ಬೆಳಕಿಗೆ ಹಿಡಿದ.

"ಮತ್ತೆ ಬಾ ತಾಯಿ."

ಬುಟ್ಟಿ ಎಡ ಸೊಂಟಕ್ಕೆ ಬಂತು. ಬಿಡುಗಲ್ಲಿನ ಮೇಲೆ ಕೆನೆಗಳನ್ನು ಹಾಸುವಾಗ ಅವಳು ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದಳು. ಒರಳಿನ ಕೆನೆಯ ಮೂಲೆಯಲ್ಲಿ, ಹಿತ್ತಲ ಗೋಡೆ ಬರುವ ಕಡೆ, ಎಳ್ಳಿನಷ್ಟು ಕಪ್ಪು ಚುಕ್ಕೆ. ಗೋಡೆಯಲ್ಲಿ ತೂತು ಬಿದ್ದಿದೆ ಅಂದುಕೊಂಡಳು. ಮನೆಗೆ ಬಂದು ಆ ಗೋಡೆಗೆ ಸುಣ್ಣ ಬಳಿದಳು. ಪಕ್ಕದ ಮನೆಯ ಅಜ್ಜಿ ಮಜ್ಜಿಗೆ ತಂದುಕೊಟ್ಟಳು, ಏನೂ ಕೇಳಲಿಲ್ಲ.

ಎರಡನೆಯ ಬುಟ್ಟಿಯೂ ತಿರುಗಿ ಬಂತು. ಈ ಸಲದ ಒರಳಿನ ಕೆನೆಯಲ್ಲಿ ಗೋಡೆ ಹಾಲಿನಂತೆ ಬೆಳ್ಳಗಿತ್ತು, ಅದರ ಮೇಲೆ ಒಂದು ಕಪ್ಪು ಚುಕ್ಕೆ. ಇದು ಗುಬ್ಬಿಯ ಕೆಲಸವೇ ಅಂದುಕೊಂಡಳು. ಒರಳಿನ ಗುಳಿಯಲ್ಲಿ ನೀರು ಕುಡಿಯಲು ಗುಬ್ಬಿಗಳು ಬರುತ್ತಿದ್ದವು. ಅವನ್ನು ಕೋಲು ಹಿಡಿದು ಓಡಿಸಿದಳು. ಮೂರನೆಯದಕ್ಕೆ ನುಗ್ಗೆಮರದ ಕೊಂಬೆ ಕಡಿಸಿದಳು, ಅದರ ಒಣಗಿದ ಎಲೆ ಬಿದ್ದಿರಬೇಕೆಂದು. ಆಮೇಲೆ ಪಕ್ಕದ ಮನೆಯ ಬೆಲ್ಲಕ್ಕೆ ಮುತ್ತುವ ನೊಣಗಳ ಮೇಲೆ ಅನುಮಾನ ಬಂದು, ಮಜ್ಜಿಗೆ ಕೊಡುವ ಅಜ್ಜಿಯ ಹತ್ತಿರವೇ ಜಗಳಕ್ಕೆ ನಿಂತಳು. ಅಜ್ಜಿ ಬೆಲ್ಲದ ಡಬ್ಬಿಗೆ ಮುಚ್ಚಳ ಹಾಕಿ, ಸಂಜೆ ಮಜ್ಜಿಗೆ ತಂದುಕೊಟ್ಟಳು.

ಬಲ ಸೊಂಟದ ಮೇಲೆ ಹೋದ ಬುಟ್ಟಿ ಎಡ ಸೊಂಟದ ಮೇಲೆ ಬಂತು. ಹೋಯಿತು, ಬಂತು. ಪ್ರತಿ ಸಲವೂ ಅವಳು ಲೋಕದಲ್ಲಿ ಏನಾದರೊಂದನ್ನು ಒರೆಸಿದಳು. ಬಾವಿಯ ಕಟ್ಟೆ ತಿಕ್ಕಿದಳು, ಮೆಣಸಿನಕಾಯಿಯ ತೊಟ್ಟು ಕಿತ್ತಳು, ಒರಳಿನ ಗೀರುಗಳಲ್ಲಿ ಕೂತಿದ್ದ ಹಳೆಯ ಅರಿಶಿನವನ್ನೂ ಕಡ್ಡಿಯಿಂದ ಕೆರೆದು ತೆಗೆದಳು. ಹಿತ್ತಲು ಮದುವೆ ಮುಗಿದ ಚಪ್ಪರದಂತೆ ಬಿಕೋ ಅನ್ನತೊಡಗಿತು. ಚುಕ್ಕೆ ಮಾತ್ರ ಹೋಗಲಿಲ್ಲ. ಮಜ್ಜಿಗೆ ಕುಡಿದು ಕುಡಿದು ಅವಳಿಗೆ ನೆಗಡಿಯಾಯಿತು.

ಊರಿನಲ್ಲಿ ಸಲಹೆ ಕೊಡುವವರಿಗೇನು ಬರವೇ? ಸೋಸುಗಾರನಿಗೆ ಮಂಗಳವಾರ ನೀಲಿ ಬಣ್ಣ ಆಗುವುದಿಲ್ಲ ಅಂದರು ಒಬ್ಬರು. ಬೆಳಿಗ್ಗೆ ಅವನ ಹೊಟ್ಟೆ ತುಂಬಿರುವಾಗ ಹೋಗು ಅಂದರು ಇನ್ನೊಬ್ಬರು. ಬೀದಿಯ ಕೊನೆಯಲ್ಲಿ ಒಬ್ಬ ಗೋಡೆಗಾರನಿದ್ದ. ಅವನ ಬುಟ್ಟಿ ಒಂದು ಸಲವೂ ತಿರುಗಿ ಬಂದದ್ದಿಲ್ಲ, ಅವನ ಮನೆಯವರು ಮಜ್ಜಿಗೆಯ ರುಚಿಯನ್ನೇ ಮರೆತಿದ್ದರು. ಅವನು ಬಿಳಿಗೋಡೆಯನ್ನು ಬಿಟ್ಟು ಬೇರೆ ಏನನ್ನೂ ಹಿಡಿಯುತ್ತಿರಲಿಲ್ಲ. ನೋಡಲು ಏನೂ ಇಲ್ಲದ ಕಡೆ ತಪ್ಪು ಹುಡುಕುವುದು ಹೇಗೆ ಎಂದು ಅವನು ಅವಳಿಗೆ ಬುದ್ಧಿ ಹೇಳಿದ. ಮಂಜಿನೂರಿನ ಯಾವ ಮನೆಯವರು ಗೋಡೆಯ ಮೇಲೆ ಗೋಡೆಯನ್ನು ತೂಗುಹಾಕಿಕೊಳ್ಳುತ್ತಾರೋ ಅವನಿಗೂ ಗೊತ್ತಿರಲಿಲ್ಲ. ಆದರೆ ಉಪ್ಪು ಬರುತ್ತಿತ್ತು.

ಕೊನೆಗೆ ಅವಳು ಪದ್ಧತಿ ಬಿಟ್ಟು ಸೋಸುಗಾರನನ್ನೇ ಕೇಳಿದಳು.

"ಏನು ತಪ್ಪು ಅಂತ ಒಂದು ಮಾತು ಹೇಳಿ ಸ್ವಾಮಿ."

"ಹೇಳಿದರೆ ಅದೊಂದನ್ನೇ ತಿದ್ದಿಕೊಂಡು ಬರ್ತೀಯ ತಾಯಿ. ಹೇಳದೇ ಇದ್ದರೆ ಎಲ್ಲಾನೂ ನೋಡಿಕೊಂಡು ಬರ್ತೀಯ."

"ಒಂದನ್ನ ನೋಡಿ ಇಡೀ ಬುಟ್ಟಿ ವಾಪಸ್ ಕಳಿಸೋದು ನ್ಯಾಯವಾ?"

"ಅನ್ನ ಬೆಂದಿದೆಯೋ ಇಲ್ಲವೋ ನೋಡೋಕೆ ಒಂದಗುಳು ಹಿಚುಕಿದರೆ ಸಾಕಲ್ಲ."

"ತುತ್ತಿನಲ್ಲಿ ಒಂದು ಕಲ್ಲು ಸಿಕ್ಕಿತು ಅಂತ ಯಾರೂ ಹಂಡೆ ಅನ್ನ ಚೆಲ್ಲಲ್ಲ ಸ್ವಾಮಿ."

ಸೋಸುಗಾರ ಕೆನೆಯನ್ನು ತಿರುಗಿ ಬುಟ್ಟಿಗೆ ಇಟ್ಟ. ಅವನು ಕೆಟ್ಟವನಲ್ಲ. ದಿನವಿಡೀ ಬೆಳಕಿಗೆ ಹಿಡಿದು ನೋಡಿ ಅವನ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಕೆಳಗಿನವರು ಎಲ್ಲ ನೋಟವನ್ನೂ ಅವನ ಮಾತಿನ ಮೇಲೆ ನಂಬಿ ಕೊಳ್ಳುತ್ತಿದ್ದರು. "ಮತ್ತೆ ಬಾ ತಾಯಿ" ಎಂದ, ಈ ಸಲ ಮುಖ ನೋಡಿ ಹೇಳಿದ. ಅವಳು ಬುಟ್ಟಿ ಎತ್ತಿಕೊಂಡಳು.

ಅಂದು ಅವಳಿಗೆ ಅಳು ಬಂತು. ತಂಗಿಗೆ ದಿನ ತುಂಬುತ್ತಿತ್ತು, ಬುಟ್ಟಿಗಳು ಹೋಗುತ್ತಿದ್ದವು, ಬರುತ್ತಿದ್ದವು. ತನ್ನ ಕಣ್ಣೇ ಕೆಟ್ಟಿರಬೇಕು, ಕೈಯೇ ಕೆಟ್ಟಿರಬೇಕು, ಹರಿವಾಣದಲ್ಲಿ ಅನ್ನ ಕಲಸಿದ ಪಾಪ ಈಗ ಸುತ್ತಿಕೊಳ್ಳುತ್ತಿರಬೇಕು. ಬಿಡುಗಲ್ಲಿನ ಮೇಲೆ ಕೂತವಳಿಗೆ ಕೆನೆಗಳನ್ನು ಒಂದೊಂದಾಗಿ ಹಾಸುವ ತಾಳ್ಮೆಯೂ ಉಳಿದಿರಲಿಲ್ಲ. ಎಲ್ಲವನ್ನೂ ರೊಟ್ಟಿಯ ಹಾಗೆ ಒಂದರ ಮೇಲೊಂದು ಒಟ್ಟಿ, ಒಟ್ಟಿಗೇ ನೀರಿಗೆ ಬಿಡಲು ಎತ್ತಿದಳು. ಬಿಸಿಲು ಆ ಕೆನೆಗಳೆಲ್ಲವನ್ನೂ ಹಾಯ್ದು ಅವಳ ಮುಖದ ಮೇಲೆ ಬಿತ್ತು.

ಒರಳು, ರಾಟೆ, ಮೆಣಸಿನಕಾಯಿ, ಆಕಾಶ ಎಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಚುಕ್ಕೆ ಮಾತ್ರ ಕಲಸಿಹೋಗಿರಲಿಲ್ಲ. ಎಲ್ಲ ಕೆನೆಗಳ ಚುಕ್ಕೆಯೂ ಒಂದೇ ಜಾಗದಲ್ಲಿ ಕೂತು, ಸೂಜಿ ಚುಚ್ಚಿ ಒಟ್ಟು ಪೋಣಿಸಿದ ಹಾಗೆ ಕಾಣುತ್ತಿತ್ತು.

ಅವಳು ಅಳು ನಿಲ್ಲಿಸಿದಳು. ಗೋಡೆಯ ತೂತು ಆಕಾಶದಲ್ಲಿ ಇರುವುದಿಲ್ಲ. ಗುಬ್ಬಿ ರಾಟೆಯ ಮೇಲೂ ಮೆಣಸಿನಕಾಯಿಯ ಮೇಲೂ ಅದೇ ಮೂಲೆ ಹುಡುಕಿಕೊಂಡು ಕೂರುವುದಿಲ್ಲ. ಎಲ್ಲ ನೋಟದಲ್ಲೂ ಇರುವುದು ನೋಟದ್ದಲ್ಲ. ಹಾಗಾದರೆ ಯಾರದ್ದು? ಮನೆಗೆ ಹೋದಳು. ಗೂಡಿನಲ್ಲಿ ಬೋರಲು ಮಲಗಿದ್ದ ಹರಿವಾಣವನ್ನು ತೆಗೆದಳು. ಬೆನ್ನ ಹಿಂದೆ ಹಿಡಿದು ಒರೆಸುವಾಗ ಅಂಚಿನಲ್ಲಿ ಬೆರಳಿಗೆ ಏನೋ ತಗುಲುತ್ತಿದ್ದದ್ದು ನೆನಪಾಯಿತು. ಹಳೆಯ ಪಾತ್ರೆ, ಎಲ್ಲೋ ಉಬ್ಬಿದೆ ಎಂದು ಬಿಟ್ಟಿದ್ದಳು. ದೇವರೇ ಕಾಪಾಡು ಎಂದು, ಆ ಊರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಬರಿದಾದ ಹರಿವಾಣವನ್ನು ತಿರುಗಿಸಿ ಅದರ ಮುಖ ನೋಡಿದಳು.

ಕಣ್ಣು ಹೋಗಲಿಲ್ಲ. ಲೋಕ ಬರಿದಾಗಲಿಲ್ಲ. ಅಂಚು ಮೇಲೇಳುವ ಮಡಿಕೆಯಲ್ಲಿ ಒಂದು ಅನ್ನದ ಅಗುಳು ಒಣಗಿ, ಕಂಚಿನ ಬಣ್ಣಕ್ಕೇ ತಿರುಗಿ, ಅಂಟಿಕೊಂಡಿತ್ತು.

ಅದು ಯಾವ ಊಟದ ಅಗುಳು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಹರಿವಾಣದಲ್ಲಿ ನಡೆದದ್ದು ಒಂದೇ ಊಟ. ನನ್ನ ಒರೆಸುವ ಕೈ ಸರಿ ಇರಲಿಲ್ಲ ಅಂದುಕೊಂಡಳು. ತುಂಬ ಹೊತ್ತು ಅದನ್ನು ನೋಡುತ್ತಾ ಕೂತಳು, ಅದರ ಮೇಲೆ ಪ್ರೀತಿ ಬಂತು. ಇರಲಿ ಬಿಡು ಅನ್ನಿಸಿತು. ಆಮೇಲೆ ತಂಗಿಯ ಕೂಸು ಕಣ್ಣಿಗೆ ಕಟ್ಟಿತು. ನೀರಿನಲ್ಲಿ ನೆನೆಸಿ, ಉಗುರಿನಿಂದ ಎಬ್ಬಿಸಿ, ಒರಳಿನ ಅಂಚಿನ ಮೇಲೆ ಇಟ್ಟಳು. ಎಷ್ಟೋ ದಿನದಿಂದ ಓಡಿಸಿಕೊಂಡಿದ್ದ ಗುಬ್ಬಿಯೊಂದು ಅನುಮಾನಿಸುತ್ತಾ ಬಂದು ಅದನ್ನು ಕಚ್ಚಿಕೊಂಡು ಹೋಯಿತು.

ಮಾರನೆಯ ದಿನದ ಒರಳಿನ ಬಿಸಿಲಿನಲ್ಲಿ ಚುಕ್ಕೆ ಇರಲಿಲ್ಲ. ಯಾವ ಕೆನೆಯಲ್ಲೂ ಇರಲಿಲ್ಲ. ಸೋಸುಗಾರ ಕಣ್ಣು ಮುಚ್ಚಿ ಕೈ ಹಾಕಿದ. ಒಂದು ಕೆನೆ ತೆಗೆದ. ಬೆಳಕಿಗೆ ಹಿಡಿದ. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದ.

"ಒಳಗೆ ಇಡು ತಾಯಿ."

ಅಂದು ಅವಳ ಮನೆಯಲ್ಲಿ ಒಲೆ ಉರಿಯಿತು. ಪಾಯಸ ಮಾಡಿ ಮೊದಲ ಲೋಟವನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟಳು. ನೊಣದ ಜಗಳಕ್ಕೆ ಕ್ಷಮೆ ಕೇಳಿದಳು. ಮಜ್ಜಿಗೆಗೆ ಹೆಪ್ಪು ಹಾಕುವ ಕೆಲಸ ಒಂದು ಕಡಿಮೆಯಾಯಿತು ಎಂದಳು ಅಜ್ಜಿ. ಹಮಾಲರು ಬುಟ್ಟಿ ಹೊತ್ತು ಇಳಿದರು. ಅವಳು ಊರ ಬಾಗಿಲಲ್ಲಿ ನಿಂತು ಬುಟ್ಟಿ ಮಂಜಿನಲ್ಲಿ ಕರಗುವವರೆಗೂ ನೋಡಿದಳು. ಅದರ ಹಿಂದೆ ಇನ್ನೊಂದು, ಮತ್ತೊಂದು, ಎಲ್ಲ ಬುಟ್ಟಿಗಳೂ ಒಳಗೆ ಹೋದವು. ಗೋಡೆಗಾರನೇ ಬಂದು ಅವಳ ಗುಟ್ಟೇನೆಂದು ಕೇಳಿದ. ಹರಿವಾಣದ ಮುಖ ನೋಡು ಅಂದಳು. ಅವನು ಕಿವಿ ಮುಚ್ಚಿಕೊಂಡು ಎದ್ದು ಹೋದ.

ಉಪ್ಪಿನ ಹಮಾಲ ಮತ್ತೆ ಬಂದಾಗ ಅವನ ಮೂಟೆ ಇಳಿಸುವ ಮೊದಲೇ ಅವಳು ಬಾಗಿಲಿಗೆ ಬಂದಿದ್ದಳು. ಹೆಣ್ಣುಕೂಸು, ತಾಯಿ ಮಗಳು ಚೆನ್ನಾಗಿದ್ದಾರೆ ಎಂದ. ತೊಟ್ಟಿಲಿಗೆ ಹಾಕಿದ್ದೂ ಆಯಿತು ಎಂದ.

"ಒರಳಿನ ಬಿಸಿಲು ತೋರಿಸಿದಳಾ?"

"ತೋರ್ಸಿದ್ಲು."

ಅವಳ ಎದೆ ಹಗುರಾಯಿತು. ಹಮಾಲ ನೀರು ಕುಡಿದು ಚೊಂಬು ಕೆಳಗಿಟ್ಟ.

"ನಿನ್ ಬುಟ್ಟೀದಲ್ಲಕ್ಕಾ. ಹೊಳೇದು."

ಅವಳಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಸೋಸುಮನೆಯ ನೋಟಗಳು ಮಂಜಿನೂರಿನ ಛತ್ರಗಳಿಗೆ, ದೊಡ್ಡ ಮನೆಗಳಿಗೆ, ಸಾಲು ಸಾಲು ಗೋಡೆಗಳಿಗೆ ಹಂಚಿಹೋಗುತ್ತವೆ. ಅವಳ ಒರಳಿನ ಬಿಸಿಲೂ ಹಾಗೇ ಹೋಯಿತು, ಎಲ್ಲರೂ ಮೆಚ್ಚಿದರು. ತಂಗಿಯ ಮನೆಗೂ ಒಂದು ಬಂತು. ಅವಳು ಅದನ್ನು ಕೈಯಲ್ಲಿ ಹಿಡಿದು, ಚೆನ್ನಾಗಿದೆ, ಯಾರ ಮನೆಯ ಒರಳೋ ಪಾಪ, ಎಂದು ಗೋಡೆಗೆ ಹಾಕಿಕೊಂಡಳು. ಸುಣ್ಣ ಬಳಿದ ಗೋಡೆ, ಅರಿಶಿನವಿಲ್ಲದ ಒರಳು, ನುಗ್ಗೆಯ ನೆರಳಿಲ್ಲದ ಹಿತ್ತಲು. ಗುರುತು ಸಿಗುವುದಾದರೂ ಹೇಗೆ? ಆದರೆ ಮಂಜಿನೂರಿನಲ್ಲಿ ಇನ್ನೊಂದು ಬಗೆಯ ನೋಟಗಳೂ ಇದ್ದವು. ಹೊಳೆಯಲ್ಲಿ ತೇಲಿ ಬರುವ ನೋಟಗಳು. ಅಂಚು ಹರಿದವು, ಮಸುಕಾದವು, ಹೆಬ್ಬೆರಳು ಅಡ್ಡ ಬಂದವು. ನೀರಿಗೆ ಹೋದ ಹೆಂಗಸರು ಅವನ್ನು ಕೊಡದ ಬಾಯಲ್ಲಿ ಹಿಡಿದು ಮನೆಗೆ ಒಯ್ಯುತ್ತಿದ್ದರು. ಬಡವರ ಮನೆಗಳಲ್ಲೆಲ್ಲ ಅವೇ.

"ಹೊಳೆಗೆ ಬಿಟ್ಟದ್ದು ನೀರಾಗಲ್ವಾ?" ಅಂದಳು ಅವಳು.

"ಯಾರಂದ್ರು?"

"ನೀನು ಇಷ್ಟು ದಿನ ಹೇಳಲೇ ಇಲ್ಲವಲ್ಲಪ್ಪ."

"ನೀವ್ಯಾರೂ ಕೇಳ್ಲೇ ಇಲ್ವಲ್ಲಕ್ಕಾ."

ಹೋದ ದಿನದಿಂದಲೂ ತಂಗಿ ಹೊಳೆಯ ಮೆಟ್ಟಿಲಿಗೆ ಹೋಗುತ್ತಿದ್ದಳಂತೆ. ಮೂಲೆಯಲ್ಲಿ ಕಪ್ಪು ಚುಕ್ಕೆ ಇರುವ ಒಂದೊಂದು ನೋಟವನ್ನೂ ಎತ್ತಿಕೊಂಡು ಬಂದಳಂತೆ. ಚುಕ್ಕೆಯವು ಆಕೆಯವು ಎಂದು ಈಗ ಬೇರೆ ಯಾರೂ ಅವನ್ನು ಮುಟ್ಟುವುದಿಲ್ಲ, ಸಿಕ್ಕರೆ ತಂದುಕೊಡುತ್ತಾರೆ. ಅವಳ ಮನೆಯ ಒಂದು ಗೋಡೆ ತುಂಬ ಅವೇ. ಗುಬ್ಬಿ ಕೂತ ಒರಳಿದೆ, ನುಗ್ಗೆಯ ನೆರಳಿದೆ, ಅರಿಶಿನ ಮೆತ್ತಿದ ಗೀರುಗಳಿವೆ. ಎಲ್ಲದರ ಮೂಲೆಯಲ್ಲೂ ಚುಕ್ಕೆಯಿದೆ. ಅವುಗಳಲ್ಲಿ ಮೊದಲನೆಯದನ್ನೇ ಕೂಸಿಗೆ ತೋರಿಸಿದಳು.

ನೋಟಗಾರ್ತಿ ಜಗಲಿಯ ಮೇಲೆ ಅವನ ಎದುರು ಕೂತಳು. ಅವಳು ಬಿಡುಗಲ್ಲಿನ ಮೇಲೆ ಅತ್ತು ಬಿಟ್ಟದ್ದೆಲ್ಲ ತಲುಪಿತ್ತು. ಚುಕ್ಕೆ ನನ್ನದೇ ಎಂದು ತಂಗಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು.

"ನಾನೂ ಕೇಳ್ದೆ. ಹೊರಡೋ ದಿನ ಅಕ್ಕ ನನ್ ಮುಖ ನೋಡ್ತಾ ಕುಂತಿದ್ಲು, ನಾನು ಹರಿವಾಣದ ಅಂಚಿಗೆ ಒಂದಗುಳು ಒತ್ತಿ ಬಂದೆ ಅಂದ್ಲು. ತವರಿನ ತಟ್ಟೇಲಿ ಒಂದಗುಳು ಉಳಿಸಿ ಬಂದ್ರೆ ಅನ್ನದ ಋಣ ಹರಿಯಾಕಿಲ್ಲ ಅಂದ್ಲು."

ಹಮಾಲ ಎದ್ದು ಮೂಟೆಯ ಹಗ್ಗ ಸುತ್ತಿಕೊಂಡ. ಹೊರಟವನು ನೆನಪಾಗಿ ನಿಂತ.

"ಇನ್ನೊಂದು ಹೇಳ್ಕಳ್ಸವ್ಳೆ. ಈಚೀಚೆಗೆ ಹೊಳೇಲಿ ಚುಕ್ಕೆ ಬರಾದು ನಿಂತೋಯ್ತಂತೆ. ಅಕ್ಕ ಹುಷಾರಾಗವ್ಳಾ, ಕೇಳ್ಕಂಡು ಬಾ ಅಂದ್ಲು."

ಅವಳು ಉತ್ತರ ಹೇಳಿ ಕಳಿಸಲಿಲ್ಲ. ಬಾಯಿಂದ ಹೇಳುವ ಉತ್ತರ ಅದಾಗಿರಲಿಲ್ಲ.

ಮರುದಿನ ನಸುಕಿನಲ್ಲಿ ಎದ್ದು ಅನ್ನಕ್ಕಿಟ್ಟಳು. ಬಾವಿಯಿಂದ ನೀರು ಸೇದಿ ತಂದಳು. ಮೊದಲು ಸೋಸುಮನೆಯ ಬುಟ್ಟಿಗೆ ಬೇಕಾದದ್ದನ್ನು ಹಿಡಿದಿಟ್ಟಳು, ಚೊಕ್ಕಟವಾಗಿ, ಚುಕ್ಕೆಯಿಲ್ಲದೆ. ಸೋಸುಗಾರನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಛತ್ರದ ಗೋಡೆಗೂ ಬಿಸಿಲು ಬೇಕು, ಊರಿಗೆ ಉಪ್ಪೂ ಬೇಕು. ಆ ಬುಟ್ಟಿಯನ್ನು ಬಾಗಿಲ ಮರೆಗೆ ಇಟ್ಟು, ಹರಿವಾಣವನ್ನು ಒರೆಸಿ, ಬೆಂದ ಅನ್ನದಿಂದ ಒಂದಗುಳು ತೆಗೆದಳು. ಬರಿದಾದ ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮುಖವನ್ನೇ ನೋಡುತ್ತಾ, ಅಂಚಿನ ಮಡಿಕೆಯಲ್ಲಿ ಹಳೆಯ ಅಗುಳು ಬಿಟ್ಟುಹೋದ ಗುರುತಿನ ಮೇಲೆ ಹೊಸ ಅಗುಳನ್ನು ಬೆರಳಿನಿಂದ ಒತ್ತಿದಳು. ತಂಗಿಯ ಬೆರಳೂ ಹೀಗೇ ಒತ್ತಿರಬೇಕು.

ಒರಳಿನ ಗುಳಿಯ ಮೇಲೆ ಬಿಸಿಲು ಬಂದು ಕೂತಿತು. ಕಡಿಸಿದ ನುಗ್ಗೆಯ ಕೊಂಬೆ ಚಿಗುರಿತ್ತು, ಅದರ ಚೂರು ನೆರಳು ಸುಣ್ಣದ ಗೋಡೆಯ ಮೇಲೆ ಆಡುತ್ತಿತ್ತು. ಗುಬ್ಬಿ ಬಂತು, ಅವಳು ಓಡಿಸಲಿಲ್ಲ. ಅಜ್ಜಿಯ ಸೀರೆ ಗೋಡೆಯಾಚೆಯಿಂದ ಒಂದು ಮೂಲೆಯಲ್ಲಿ ಇಣುಕಿತು, ಅದನ್ನೂ ಇರಲಿ ಎಂದು ಬಿಟ್ಟಳು. ಉಸಿರು ಬಿಗಿಹಿಡಿಯಲು ಹೋಗಿ ನಕ್ಕಳು, ಕೆನೆ ಸ್ವಲ್ಪ ನಡುಗಿತು. ಅದನ್ನು ಬಾಳೆಎಲೆಯಲ್ಲಿಟ್ಟು ಇನ್ನೊಂದು ಬುಟ್ಟಿಗೆ ಹಾಕಿದಳು. ಬುಟ್ಟಿಯನ್ನು ಎಡ ಸೊಂಟದ ಮೇಲೆ ಎತ್ತಿಕೊಂಡು ಬೀದಿಗಿಳಿದಳು.

ಸೋಸುಮನೆಯ ಮುಂದೆಯೇ ಹೊಳೆಯ ದಾರಿ. ಒಳಗೆ ಬಾರದೆಯೇ ಎಡ ಸೊಂಟದ ಬುಟ್ಟಿಯೊಂದು ಹೊರಟದ್ದನ್ನು ಸೋಸುಗಾರ ಕಿಟಕಿಯಿಂದ ಕಂಡ. ಅಂಥದ್ದನ್ನು ಅವನು ಎಂದೂ ಕಂಡಿರಲಿಲ್ಲ. ಏನೋ ಕೇಳಲು ಬಾಯಿ ತೆರೆದ, ಆದರೆ ಪದ್ಧತಿ ಪದ್ಧತಿಯೇ.

"ಊಟ ಆಯ್ತಾ ತಾಯಿ?"

"ಆಯ್ತು ಸ್ವಾಮಿ."

ಬಿಡುಗಲ್ಲಿನ ಮೇಲೆ ಅವಳು ಕೆನೆ ಹಾಸಿದಳು. ನೀರು ಚಿಮುಕಿಸಿದಳು. "ನೋಟವೇ, ಬಂದಲ್ಲಿಗೆ ಹೋಗು" ಅನ್ನುವ ಬದಲು ದಾರಿ ನೋಡಿಕೊಂಡು ಹೋಗು ಅಂದಳು. ಕೆನೆ ಹೊಳೆಗೆ ಜಾರಿ, ಒಂದು ಸುತ್ತು ತಿರುಗಿ, ಮೂಲೆಯ ಚುಕ್ಕೆಯನ್ನು ಮುಂದೆ ಮಾಡಿಕೊಂಡು ಮಂಜಿನ ಕಡೆಗೆ ಇಳಿಯಿತು.

ಮನೆಗೆ ಬಂದಾಗ ಅಜ್ಜಿ ಮಜ್ಜಿಗೆಯ ಚೊಂಬು ಹಿಡಿದು ಜಗಲಿಯ ಮೇಲೆ ಕೂತಿದ್ದಳು. ಎಡ ಸೊಂಟವನ್ನು ಬೀದಿಯವರೆಲ್ಲ ನೋಡಿದ್ದರು. ಅಜ್ಜಿಗೆ ವಯಸ್ಸಾಗಿತ್ತು, ಕೇಳಬಾರದ್ದನ್ನು ಕೇಳುವಷ್ಟು ವಯಸ್ಸು.

"ಮತ್ತೆ ವಾಪಸ್ ಬಂತೇನೆ?"

ಅವಳು ಚೊಂಬು ತೆಗೆದುಕೊಂಡು ಅಜ್ಜಿಯ ಪಕ್ಕ ಕೂತಳು.

"ಇಲ್ಲಜ್ಜಿ. ಇವತ್ತು ಹೋಯ್ತು."